ನಾನು ಬಿಟ್ಟ ಆಟ, ಆಯಿ ಬಿಟ್ಟ ಕರದಂಟು

ಆ ಸಿಡಿ ಕೆಟ್ಟಿರಲಿಲ್ಲ. ಅದರ ಮೇಲೆ ಗೀರು ಬಿದ್ದಿರಲಿಲ್ಲ, ಕಲೆ ಇರಲಿಲ್ಲ, ಕಂಪ್ಯೂಟರಿಗೂ ಏನೂ ಆಗಿರಲಿಲ್ಲ. ಕೊನೆಯ ಯುದ್ಧ ಒಂದೇ ಬಾಕಿ ಇದ್ದಾಗ ನನಗೆ ಬಲು ಪ್ರೀತಿಯಾಗಿದ್ದ ಆ ಆಟವನ್ನು ನಾನೇ ಎತ್ತಿಟ್ಟೆ — ಎತ್ತಿಟ್ಟು ನನ್ನ ಅಜ್ಜಿಗೆ ಸುಳ್ಳು ಹೇಳಿದೆ. ಹನ್ನೊಂದು ವರ್ಷವಾಯಿತು. ಆ ಸುಳ್ಳಿನ ದೆಸೆಯಿಂದ ಅಜ್ಜಿ ಹನ್ನೊಂದು ವರ್ಷ ಕರದಂಟು ತಿಂದಿಲ್ಲ. ಅವಳ ತವರು ಗೋಕಾಕ. ಅಂಟು, ಬೆಲ್ಲ, ಒಣಕೊಬ್ಬರಿ, ಗೋಡಂಬಿ ಹಾಕಿ ಮಾಡುವ ಆ ಸಿಹಿಯ ಡಬ್ಬಿ ಅವಳ ದಿಂಬಿನ ಬಳಿ ಇರದ ದಿನವನ್ನು ನಾನು ಚಿಕ್ಕವಳಿದ್ದಾಗ ಕಂಡೇ ಇರಲಿಲ್ಲ.

ನಾವು ಅವಳನ್ನು ಆಯಿ ಎಂದು ಕರೆಯುತ್ತೇವೆ. ನಮ್ಮದು ಸಂಕೇಶ್ವರದ ಜೈನ ಮನೆ. ಅಪ್ಪನದು ಬಟ್ಟೆ ಅಂಗಡಿ. ಆಯಿ ನೀರನ್ನು ಸೋಸದೆ ಕುಡಿಯುವವಳಲ್ಲ, ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನೂ ಹಾಕುವವಳಲ್ಲ. ಅಂಗಳ ಗುಡಿಸುವಾಗ ಇರುವೆ ಸಾಲು ಕಂಡರೆ ಕಸಬರಿಗೆ ಬಗಲಲ್ಲಿಟ್ಟುಕೊಂಡು, ಅವು ದಾಟಿ ಹೋಗುವ ತನಕ ರೈಲು ಗೇಟಿನಲ್ಲಿ ನಿಂತವರ ಹಾಗೆ ನಿಲ್ಲುತ್ತಿದ್ದಳು. ಇಂಥವಳ ಕೈಯಲ್ಲಿ ನಾನು ನೂರಾರು ಸೈನಿಕರನ್ನು ಕೊಲ್ಲಿಸಿದ್ದೇನೆ. ಅದೂ ನಗುನಗುತ್ತ — ಇಬ್ಬರೂ ನಗುನಗುತ್ತ.

ನಾನು ಹತ್ತನೆಯ ತರಗತಿ ಮುಗಿಸಿದ ವರ್ಷ ಕೊಲ್ಹಾಪುರದ ಕಾಕಾ ತನ್ನ ಹಳೆಯ ಕಂಪ್ಯೂಟರನ್ನು ನಮ್ಮ ಮನೆಗೆ ತಂದಿಟ್ಟ. ಜೊತೆಯಲ್ಲಿ ಒಂದೇ ಒಂದು ಆಟದ ಸಿಡಿ. ಅದರಲ್ಲಿ ಪರದೆಯ ತುಂಬ ಚೌಕಗಳು. ಚೌಕಗಳ ಮೇಲೆ ನಮ್ಮ ಎಂಟು ಜನ, ಆಚೆ ಕಡೆ ದುಷ್ಟ ರಾಜನ ದಂಡು. ಒಮ್ಮೆ ನಮ್ಮ ಸರದಿ, ಒಮ್ಮೆ ಅವರ ಸರದಿ. ಯಾರನ್ನು ಎಲ್ಲಿ ನಿಲ್ಲಿಸಬೇಕು, ಯಾರನ್ನು ಮುಂದೆ ಬಿಡಬೇಕು ಎಂದು ಯೋಚಿಸಿಯೇ ನಡೆಸಬೇಕು. ನಮ್ಮ ಎಂಟು ಜನರಿಗೆ ನಾವೇ ಹೆಸರಿಡಬಹುದಿತ್ತು. ಒಬ್ಬೊಬ್ಬರೂ ಯುದ್ಧದಿಂದ ಯುದ್ಧಕ್ಕೆ ಬಲಿಯುತ್ತ, ಮಾತಾಡುತ್ತ, ಜಗಳಾಡುತ್ತ ಹೋಗುವ ದೊಡ್ಡ ಕಥೆ ಅದು. ನನಗೆ ಊಟ ಸೇರದ ಹಾಗಾಯಿತು.

ಒಂದು ಸಂಜೆ, ಹೊತ್ತು ಮುಳುಗುವ ಮುಂಚಿನ ಊಟ ಮುಗಿಸಿ, ಆಯಿ ನನ್ನ ಹಿಂದೆ ಬಂದು ನಿಂತಳು. ಕನ್ನಡಕ ಏರಿಸಿಕೊಂಡು ಸ್ವಲ್ಪ ಹೊತ್ತು ನೋಡಿದಳು. ನಾನು ಒಬ್ಬ ಶತ್ರುವನ್ನು ಹೊಡೆದೆ. ಅವನು ಮಸುಕಾಗಿ ಮಾಯವಾದ.

“ಏ ಪದ್ಮಾ, ಇದು ನಮ್ಮ ಚೌಕಾಬಾರಾನ ಐತಲ್ಲ,” ಎಂದಳು. “ಹೊಡದ ಕಾಯಿ ಮನಿಗೆ ಹೋತೇನು?”

ಕವಡೆ ಹಾಕಿ ಆಡುವ ಚೌಕಾಬಾರದಲ್ಲಿ ಹಾಗೆಯೇ. ಹೊಡೆಸಿಕೊಂಡ ಕಾಯಿ ಸಾಯುವುದಿಲ್ಲ, ತನ್ನ ಮನೆಗೆ ಹೋಗಿ ಕೂರುತ್ತದೆ. ನಾನು ತಿರುಗಿ ನೋಡಿದೆ. ಅವಳ ಮುಖದಲ್ಲಿ ಎಂಥ ಆಸೆ ಇತ್ತೆಂದರೆ — ಇಲ್ಲ, ಆಸೆ ಅವಳದಲ್ಲ, ನನ್ನದು. ಒಬ್ಬಳೇ ಆಡಿ ಆಡಿ ನನಗೆ ಜೊತೆ ಬೇಕಾಗಿತ್ತು.

“ಹೂಂ ಆಯಿ,” ಅಂದೆ. “ಮನಿಗೆ ಹೋತು.”

ಎಲ್ಲ ಶುರುವಾದದ್ದು ಅಲ್ಲಿಂದ. ಮರುದಿನ ಆಯಿ ಸ್ಟೂಲು ತಂದು ನನ್ನ ಬಾಜೂ ಹಾಕಿಕೊಂಡಳು, ಎರಡು ದಿನ ಬಿಟ್ಟು ಹೆಸರುಗಳನ್ನೆಲ್ಲ ಬದಲಿಸಿದಳು. ಕಬ್ಬಿಣದ ಅಂಗಿ ತೊಟ್ಟ ದಪ್ಪ ಯೋಧ ಅವಳ ಅಣ್ಣ ಭರಮಣ್ಣನಾದ. ಗೋಕಾಕ ಫಾಲ್ಸಿನ ಗಿರಣಿಯಲ್ಲಿ ದುಡಿದು ನಿವೃತ್ತನಾದ ಮನುಷ್ಯ, ತನ್ನ ಹೆಸರಿನವನೊಬ್ಬ ಕತ್ತಿ ಹಿಡಿದು ನಿಂತಿದ್ದಾನೆಂದು ಅವನಿಗೆ ಗೊತ್ತೇ ಇರಲಿಲ್ಲ. ಬಿಲ್ಲು ಹಿಡಿದವಳು ಕುಲಗೋಡದ ಚಂದ್ರವ್ವತ್ತೆ. ಗಾಯ ವಾಸಿಮಾಡುವ ಹುಡುಗಿಗೆ ನನ್ನ ಹೆಸರಿಟ್ಟಳು. “ನೀ ಹಿಂದ ನಿಂದರು,” ಎನ್ನುತ್ತಿದ್ದಳು. ಆಟದಲ್ಲೂ ನನ್ನನ್ನು ಮುಂದೆ ಬಿಡುತ್ತಿರಲಿಲ್ಲ.

ನಾನು ದುಡುಕಿನವಳು, ಕಂಡವರ ಮೇಲೆ ಬೀಳುತ್ತಿದ್ದೆ. ಆಯಿ ಹಾಗಲ್ಲ. ಮದುವೆ ಮನೆಯಲ್ಲಿ ಬಡಿಸುವವರನ್ನು ಸಾಲಾಗಿ ನಿಲ್ಲಿಸುವ ಹಾಗೆ ಮಂದಿಯನ್ನು ನಿಲ್ಲಿಸುತ್ತಿದ್ದಳು — ಭರಮಣ್ಣನನ್ನು ಇಕ್ಕಟ್ಟಾದ ಸೇತುವೆಯ ಬಾಯಿಗೆ, ಚಂದ್ರವ್ವನನ್ನು ಅವನ ಬೆನ್ನಿಗೆ, ನನ್ನನ್ನು ಎಲ್ಲರ ಹಿಂದೆ. ಶತ್ರುಗಳು ಒಬ್ಬೊಬ್ಬರಾಗಿ ಬಂದು ಒಬ್ಬೊಬ್ಬರಾಗಿ ಮಾಯವಾಗುತ್ತಿದ್ದರು. ಪ್ರತಿಯೊಬ್ಬನಿಗೂ ಆಯಿ ಕೈಯಾಡಿಸಿ ಬೀಳ್ಕೊಡುತ್ತಿದ್ದಳು: “ಹೋಗ್ರೆಪಾ, ಹೋಗ್ರಿ. ಮನ್ಯಾಗ ಮಕ್ಕಳು ಹಾದಿ ನೋಡಾಕತ್ತಿರ್ತಾವ.”

ಪರದೆಯ ಮೇಲಿನ ಇಂಗ್ಲಿಷನ್ನು ಕನ್ನಡ ಮಾಡಿ ಹೇಳುವ ಕೆಲಸ ನನ್ನದು. ಶತ್ರು ಸೇನಾಪತಿ ರಕ್ತ ಕಾರುತ್ತ ಶಪಿಸುತ್ತಿದ್ದರೆ, ‘ದಣಿವಾಗಿದೆ, ಊರಿಗೆ ಹೋಗುತ್ತೇನೆ ಎನ್ನುತ್ತಿದ್ದಾನೆ’ ಎಂದು ಹೇಳುತ್ತಿದ್ದೆ. ಆಯಿಗೆ ಅವನ ಮೇಲೆ ಮರುಕ ಬರುತ್ತಿತ್ತು. ಗಾಯ ವಾಸಿಮಾಡುವ ಹುಡುಗಿಯಿಂದ ಅವರಿಗೂ ಔಷಧ ಕೊಡಿಸು ಎನ್ನುತ್ತಿದ್ದಳು. ಆಟದಲ್ಲಿ ಅದಕ್ಕೆ ಅವಕಾಶವಿಲ್ಲವೆಂದರೆ, “ಮಷೀನ್ ಮಾಡಿದಾಂವಗ ಇಷ್ಟೂ ತಿಳೀಲಿಲ್ಲೇನು?” ಎಂದು ನನ್ನನ್ನೇ ಬೈಯುತ್ತಿದ್ದಳು.

ಒಮ್ಮೆ ನನ್ನ ದುಡುಕಿನಿಂದ ಭರಮಣ್ಣನೇ ಬಿದ್ದ. ಆ ಆಟದಲ್ಲಿ ನಮ್ಮವರು ಬಿದ್ದರೆ ಮುಂದೆ ಬರುವುದಿಲ್ಲ, ಹೋದವರು ಹೋದರು.

“ಅಯ್ಯ, ನಮ್ಮ ಭರಮಣ್ಣ ಎಲ್ಲಿ ಹ್ವಾದಾ?”

“ಗೋಕಾಕ ಫಾಲ್ಸಿಗೆ ಹೋಗ್ಯಾನ ಆಯಿ.”

“ಹೇಳದ ಕೇಳದ ಹೋದನಲ್ಲ. ಮೊದಲಿಂದೂ ಅಂವಾ ಹಂಗ. ನಾಳಿ ಬರಾಕ ಹೇಳು.”

ಹಿಂದಿನ ದಿನ ಉಳಿಸಿಟ್ಟಿದ್ದ ಜಾಗದಿಂದ ಆಟವನ್ನು ಮರುದಿನ ಮತ್ತೆ ಶುರುಮಾಡಿದೆ, ಭರಮಣ್ಣ ಹಾಜರ್. “ಮುಂಜಾನಿ ಬಸ್ಸಿಗೆ ಬಂದ ನೋಡು,” ಎಂದಳು ಆಯಿ. ಅಡುಗೆಮನೆಯಲ್ಲಿದ್ದ ಅವ್ವ ನಗು ತಡೆಯಲಾರದೆ ಲಟ್ಟಣಿಗೆ ಕೆಳಗೆ ಬೀಳಿಸಿದಳು. ನಾನೂ ನಕ್ಕೆ. ಆ ಬೇಸಿಗೆ, ಆ ಮಳೆಗಾಲ — ಅಷ್ಟು ಸುಖವಾಗಿ ನಾನು ಮತ್ತೆಂದೂ ಸುಳ್ಳು ಹೇಳಿಲ್ಲ.

ನಮ್ಮಿಬ್ಬರ ನಡುವೆ ಒಂದು ಕರಾರು ಇತ್ತು: ಒಬ್ಬರನ್ನು ಬಿಟ್ಟು ಇನ್ನೊಬ್ಬರು ಆಡಬಾರದು. ಆಯಿಯಂತೂ ಒಬ್ಬಳೇ ಆಡುವ ಪ್ರಶ್ನೆಯೇ ಇಲ್ಲ, ಹಾಗಾಗಿ ಕರಾರು ನನಗೊಬ್ಬಳಿಗೇ. ಭಾದ್ರಪದದಲ್ಲಿ ನಮ್ಮ ದಶಲಕ್ಷಣ ಪರ್ವ ಬಂತು. ಹತ್ತು ದಿನ ಉಪವಾಸ, ಪೂಜೆ, ಪ್ರವಚನ. ಕೊನೆಯ ಯುದ್ಧದ ಬಾಗಿಲಿಗೆ ಬಂದು ನಿಂತಿದ್ದೆವು. ಪರ್ವ ಮುಗಿದ ಮೇಲೆ ಮುಗಿಸೋಣವೆಂದು ಆಯಿ ಹೇಳಿ ಜಿನಪೂಜೆಗೆಂದು ಬಸ್ತಿಗೆ ಹೋದಳು. ನನಗೆ ತಡೆಯಲಾಗಲಿಲ್ಲ. ಬರೀ ಇಣುಕಿ ನೋಡೋಣವೆಂದು ಸಿಡಿ ಹಾಕಿದೆ.

ಯುದ್ಧ ಶುರುವಾಗುವ ಮುಂಚೆ ಒಂದು ಸಣ್ಣ ಚಿತ್ರ ಬಂತು. ಹಿಂದಿನ ಯುದ್ಧಗಳ ಬಯಲು. ನಾವು ಇಷ್ಟು ದಿನ ‘ಮನೆಗೆ’ ಕಳಿಸಿದವರೆಲ್ಲ ಅಲ್ಲಿಯೇ ಬಿದ್ದಿದ್ದರು. ಹೆಂಗಸರು ದೀಪ ಹಿಡಿದುಕೊಂಡು ಒಬ್ಬೊಬ್ಬರ ಮುಖ ತಿರುಗಿಸಿ ನೋಡುತ್ತ ತಮ್ಮವರನ್ನು ಹುಡುಕುತ್ತಿದ್ದರು. ಒಂದು ಮಾತೂ ಇಲ್ಲ. ಇಂಗ್ಲಿಷ್ ಇದ್ದಿದ್ದರೆ ಏನಾದರೂ ಅನುವಾದ ಮಾಡುತ್ತಿದ್ದೆ. ಚಿತ್ರವನ್ನು ಹೇಗೆ ಅನುವಾದ ಮಾಡಲಿ?

ಕಂಪ್ಯೂಟರ್ ಆರಿಸಿದೆ. ಸಿಡಿಯನ್ನು ನನ್ನ ಹಳೆಯ ಶಾಲೆಯ ಚೀಲದ ತಳಕ್ಕೆ ಹಾಕಿದೆ. ಆಯಿಗೆ ನೋವಾಗಬಾರದೆಂದು ಹಾಗೆ ಮಾಡಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ — ಅದು ಖರೆಯಲ್ಲ. ನನಗೆ ಹೆದರಿಕೆ ಇದ್ದದ್ದು ಸಿಕ್ಕಿಬೀಳುವುದಕ್ಕೆ. ಆ ಸ್ಟೂಲು ನನ್ನ ಬಾಜೂದಿಂದ ಎದ್ದು ಹೋಗುವುದಕ್ಕೆ.

“ಆಯಿ, ಸಿಡಿ ಕೆಟ್ಟ ಹೋತು,” ಎಂದೆ ಅವಳು ಬಂದಾಗ.

“ಕೆಟ್ಟಿತಂದ್ರ ಹ್ಯಾಂಗ?”

ಸುಳ್ಳಿಗೆ ಒಂದಿಷ್ಟು ಒಪ್ಪ ಕೊಡೋಣವೆನ್ನಿಸಿತು. “ಏನೋ ಕಲಿ ಆಗೇತಿ ಮ್ಯಾಲ.”

ಕಲೆ ಎಂದದ್ದೇ ಆಯಿಯ ಮುಖ ಬಾಡಿತು. ಕೈಯಲ್ಲಿದ್ದ ಪೂಜೆಯ ತಟ್ಟೆ ಇಡಲು ಒಳಗೆ ಹೋದಳು. ಆಟ ನಿಂತ ಬೇಸರ ಇರಬೇಕೆಂದುಕೊಂಡೆ. ಸದ್ಯ, ಹೆಚ್ಚು ಕೇಳಲಿಲ್ಲವಲ್ಲ ಎಂದು ನಿಟ್ಟುಸಿರು ಬಿಟ್ಟೆ.

ಪರ್ವ ಮುಗಿದ ಮೇಲೆ ಕ್ಷಮಾವಾಣಿ. ಅಂದು ನಮ್ಮಲ್ಲಿ ಹಿರಿಯರು ಕಿರಿಯರೆನ್ನದೆ ಒಬ್ಬರೆದುರು ಒಬ್ಬರು ಕೈಮುಗಿದು, ತಿಳಿದೋ ತಿಳಿಯದೆಯೋ ನನ್ನಿಂದಾದ ತಪ್ಪು ಕ್ಷಮಿಸಿ ಎಂದು ಕೇಳುತ್ತೇವೆ. ಚಿಕ್ಕವರಿಗೆ ಅದೊಂದು ಓಡಾಟದ ಹಬ್ಬ. ಯಾರಿಗೆ ಏನು ತಪ್ಪು ಮಾಡಿದ್ದೇವೆಂದು ಯಾರೂ ಬಿಡಿಸಿ ಹೇಳುವುದಿಲ್ಲ. ನಾನು ಇಡೀ ಓಣಿಗೆ ಕೈಮುಗಿದು ಬಂದು, ಕೊನೆಗೆ ಆಯಿಯ ಹತ್ತಿರ ಹೋದೆ. ಅಷ್ಟರಲ್ಲಿ ಅವಳೇ ಎದ್ದು ನಿಂತು ನನಗೆ ಕೈಮುಗಿದಳು. ಮತ್ತು ಬಿಡಿಸಿ ಹೇಳಿದಳು.

“ಪದ್ಮಾ, ಹಬ್ಬದ ಮುಂದ ದೀಪಾ, ತಂಬಗಿ ತಿಕ್ಕಾಕ ಕುಂತಿದ್ನಿ. ನಿನ್ನ ಸಿಡಿ ಮಬ್ಬ ಕಂಡ್ತು. ಅದೂ ಥಳಾಥಳಾ ಆಗ್ಲಿ ಅಂತ ಹುಣಚಿಹುಳಿ ಕೈಲೇನ ಒರಸಿಬಿಟ್ನಿ. ಕಲಿ ನಂದ ಅದು. ನಿನ್ನ ಆಟ ನಾನ ಕೆಡಿಸೇನಿ. ಕ್ಷಮಾ ಮಾಡವ್ವಾ.”

ಆಕೆ ಒರೆಸಿದ್ದಕ್ಕೆ ಆ ಸಿಡಿಗೆ ಏನೂ ಆಗಿರಲಿಲ್ಲ. ಅದಾದ ಮೇಲೆಯೇ ನಾನು ಅದನ್ನು ಹಾಕಿ ಇಣುಕಿ ನೋಡಿದ್ದು. ಇಷ್ಟನ್ನು ಹೇಳಲು ಎರಡು ಮಾತು ಸಾಕಿತ್ತು. ಆದರೆ ನಾನು ಏನು ಹೇಳಿದೆ ಗೊತ್ತೆ — ಬರೆಯಲು ಕೈ ನಾಚುತ್ತದೆ —

“ಇರ್ಲಿ ಬಿಡ ಆಯಿ. ಕ್ಷಮಾ.”

ತಪ್ಪು ಮಾಡಿದವಳು ನಾನು, ಕ್ಷಮಿಸಿದವಳೂ ನಾನೇ. ದೊಡ್ಡ ಮನಸ್ಸು ಮಾಡಿದವಳ ಹಾಗೆ ಅವಳ ಕೈ ಹಿಡಿದುಕೊಂಡೆ ಬೇರೆ. ಆಯಿಯ ಕಣ್ಣು ತುಂಬಿ ಬಂತು. ಆಮೇಲೆ ಹೇಳಿದಳು: ಆ ಆಟ ಮುಗಿಯುವ ತನಕ ಕರದಂಟು ಮುಟ್ಟುವುದಿಲ್ಲವೆಂದು ಬಸ್ತಿಯಲ್ಲಿ ನೇಮ ತೆಗೆದುಕೊಂಡಿದ್ದಾಳೆ. “ನಿನಗ ಪ್ರೀತೀದು ನನ್ನಿಂದ ಹೋತು. ನಂದೂ ಒಂದು ಹೋಗ್ಲಿ.”

ಸಿಡಿ ಸರಿಹೋಯಿತೆಂದು ಹೇಳಿದರೆ ಆ ಬಯಲು ತೋರಿಸಬೇಕು. ಹೇಳದಿದ್ದರೆ ನೇಮ ಮುಗಿಯುವುದಿಲ್ಲ. ನಾನು ಎರಡನ್ನೂ ಮಾಡದೆ ಕಾಲೇಜು ಮುಗಿಸಿದೆ, ಬಿ.ಎಡ್. ಮಾಡಿದೆ, ಮದುವೆಯಾಗಿ ಮೂಡಲಗಿಗೆ ಬಂದೆ, ಶಾಲೆಯಲ್ಲಿ ಮಕ್ಕಳಿಗೆ ಖರೆ ಹೇಳಬೇಕೆಂದು ಪಾಠ ಮಾಡುತ್ತಿದ್ದೇನೆ. ಪ್ರತಿ ವರ್ಷ ಕ್ಷಮಾವಾಣಿಗೆ ಸಂಕೇಶ್ವರಕ್ಕೆ ಹೋಗುತ್ತೇನೆ. ಪ್ರತಿ ವರ್ಷ ನನ್ನ ಕೈ ಮೇಲೇಳುವ ಮುಂಚೆ ಆಯಿಯ ಕೈ ಮುಗಿದಿರುತ್ತದೆ. “ಸಿಡಿದೂ ಸೇರಿಸಿ,” ಎನ್ನುತ್ತಾಳೆ, ನಗುತ್ತ. ನಾನೂ ನಗುತ್ತೇನೆ. ಅದು ಮನೆಮಂದಿಗೆಲ್ಲ ಚೇಷ್ಟೆಯ ಮಾತಾಗಿದೆ. ಅಪ್ಪ ಅವ್ವನಿಗೆ ಕೈಮುಗಿಯುವಾಗಲೂ ‘ಸಿಡಿದೂ ಸೇರಿಸಿ’ ಎನ್ನುತ್ತಾನೆ. ನಗುವವರ ನಡುವೆ ನಿಂತು ಸುಳ್ಳನ್ನು ಸಾಕುವುದು ಎಷ್ಟು ಸುಲಭ.

ಮೂಡಲಗಿಯಿಂದ ಹೊರಟರೆ ಗೋಕಾಕದಲ್ಲಿ ಬಸ್ಸು ಬದಲಿಸಬೇಕು. ಅಂಗಡಿಗಳ ಮುಂದೆ ಕರದಂಟು ಪೇರಿಸಿಟ್ಟಿರುತ್ತಾರೆ. ಒಮ್ಮೆ ಮನೆಯವರಿಗೆಂದು ಒಂದು ಡಬ್ಬಿ ಒಯ್ದೆ. ಆಯಿ ತನ್ನ ಕೈಯಿಂದಲೇ ಎಲ್ಲರಿಗೂ ಮುರಿದು ಹಂಚಿದಳು. ಹಂಚಿ, ಬೆರಳಿಗೆ ಅಂಟಿದ್ದನ್ನು ನೆಕ್ಕದೆ ಹಿತ್ತಲಿಗೆ ಹೋಗಿ ಕೈ ತೊಳೆದು ಬಂದಳು. ಅಂದಿನಿಂದ ನಾನು ಗೋಕಾಕದ ಸ್ಟ್ಯಾಂಡಿನಲ್ಲಿ ಬಸ್ಸಿನಿಂದ ಇಳಿದರೆ ಅಂಗಡಿಗಳ ಕಡೆ ಬೆನ್ನು ಮಾಡಿ ನಿಲ್ಲುತ್ತೇನೆ.

ಹೋದ ವರ್ಷ ಆಯಿ ಇನ್ನೊಂದು ಮಾತು ಸೇರಿಸಿದಳು. “ಅವ್ರೆಲ್ಲಾರೂ ಮನಿ ಮುಟ್ಟಿದ್ರೋ ಇಲ್ಲೋ,” ಎಂದಳು. “ಅದೊಂದು ತಿಳೀಲಿಲ್ಲ ನೋಡು.” ತಮಾಷೆಯ ದನಿಯಲ್ಲ, ಊರಿಗೆ ಹೊರಟ ನೆಂಟರ ಬಗ್ಗೆ ಕೇಳುವ ದನಿ. ಅಂದಿನಿಂದ ಆ ಮಾತು ನನ್ನ ಬೆನ್ನು ಬಿಟ್ಟಿಲ್ಲ.

ಮೊನ್ನೆ ಸಿಡಿಯನ್ನು ಹುಡುಕಿ ತೆಗೆದು ನಮ್ಮ ಮನೆಯ ಕಂಪ್ಯೂಟರಿಗೆ ಹಾಕಿದೆ. ಗರಗರ ಸದ್ದು ಮಾಡಿ ತಿರುಗಿತು, ಅದೇ ಹಾಡು ಬಂತು. ಉಳಿಸಿಟ್ಟ ಆಟ ಹಳೆಯ ಕಂಪ್ಯೂಟರಿನ ಜೊತೆಯೇ ಹೋಗಿದೆ. ಭರಮಣ್ಣನಿಲ್ಲ, ಚಂದ್ರವ್ವನಿಲ್ಲ, ಎಂಟು ಜನ ಹೆಸರಿಲ್ಲದೆ ನಿಂತಿದ್ದರು. ಯಾರಿಗೂ ಹೆಸರಿಡದೆ ಆರಿಸಿದೆ. ಕರಾರು ಈಗಲೂ ಇದೆ.

ನಾಳೆ ಪರ್ವ ಶುರು. ಅದು ಮುಗಿದ ಮೇಲೆ ಸಂಕೇಶ್ವರಕ್ಕೆ ಹೋಗುತ್ತೇನೆ. ಈ ಸಲ ಬಾಗಿಲಿನಿಂದಲೇ ಕೈಮುಗಿದುಕೊಂಡು ಒಳಗೆ ಹೋಗಬೇಕು, ಇಲ್ಲದಿದ್ದರೆ ಆಯಿ ಮತ್ತೆ ನನಗಿಂತ ಮುಂಚೆ ಎದ್ದು ನಿಲ್ಲುತ್ತಾಳೆ. ‘ತಿಳಿದೋ ತಿಳಿಯದೆಯೋ’ ಎನ್ನುವುದಿಲ್ಲ. ತಿಳಿದೇ ಮಾಡಿದೆ ಎನ್ನುತ್ತೇನೆ. ಸಿಡಿಯನ್ನು ಅವಳ ಕೈಯಲ್ಲಿಡುತ್ತೇನೆ. ಚೀಲದಲ್ಲಿ ಕರದಂಟಿನ ಡಬ್ಬಿ ಇರುತ್ತದೆ, ಆದರೆ ಅದನ್ನು ನಾನಾಗಿ ಹೊರಗೆ ತೆಗೆಯುವುದಿಲ್ಲ — ನೇಮ ಅವಳದು, ಬಿಡುವುದೂ ಇಡುವುದೂ ಅವಳಿಗೆ ಸೇರಿದ್ದು. ಅವಳು ನನ್ನನ್ನು ಕ್ಷಮಿಸಲೇಬೇಕೆಂದೂ ಇಲ್ಲ. ಮೊದಲು ಅವಳ ಪ್ರಶ್ನೆಗೆ ಉತ್ತರ ಹೇಳಬೇಕು.

ಯಾರೂ ಮನಿ ಮುಟ್ಟಲಿಲ್ಲ ಆಯಿ.