ಪಕ್ಕದ ಸಾಲು

ಮೇಷ್ಟ್ರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಸೀಮೆಸುಣ್ಣವನ್ನು ತೋರುಬೆರಳು, ನಡುಬೆರಳಿನ ಸಂದಿಯಲ್ಲಿ ಬೀಡಿಯಂತೆ ಹಿಡಿದು ಬರೆಯುತ್ತಿದ್ದರು. ಬರಹ ಮಾತ್ರ ಮುತ್ತು ಪೋಣಿಸಿದ ಹಾಗೆ. ಮುಳಬಾಗಿಲಿನ ಹೈಸ್ಕೂಲಿನಲ್ಲಿ ನನಗೆ ಗಣಿತ ಕಲಿಸಿದವರು. ನಡುವೆ ಮೆಟ್ಟಿಲು ಬಿಟ್ಟು ಲೆಕ್ಕ ಮಾಡಿದರೆ, "ಹಾರೋದ್ಯಾಕೆ? ಇಳಿ, ನಡಿ" ಎಂದು ಪುಸ್ತಕ ವಾಪಸು ಕೊಡುತ್ತಿದ್ದರು. ಪುಟದ ನಡುವೆ ಗೆರೆ ಎಳೆಸಿ, ಎಡಕ್ಕೆ ಲೆಕ್ಕ, ಬಲಕ್ಕೆ ಇನ್ನೊಂದು ಸಾಲು ಬರೆಸುವುದು ಅವರ ಹುಚ್ಚು. ಮೊದಲ ಸಂಖ್ಯೆಯನ್ನು ಚೂರು ಅಲುಗಿಸಿದರೆ ಈ ಮೆಟ್ಟಿಲಿನ ಸಂಖ್ಯೆ ಅದರ ಎಷ್ಟು ಪಟ್ಟು ಅಲುಗುತ್ತದೆ ಎಂಬುದೇ ಆ ಪಕ್ಕದ ಸಾಲು. ಪರೀಕ್ಷೆಗೆ ಬಾರದ ಈ ಉಸಾಬರಿಗೆ ನಾವೆಲ್ಲ ಒಳಗೊಳಗೇ ಬೈದುಕೊಳ್ಳುತ್ತಿದ್ದೆವು. ನಾನಂತೂ ಶಾಲೆ ಬಿಟ್ಟ ದಿನವೇ ಮರೆತೆ.

ಎಂಬತ್ತರ ದಶಕದ ಮೊದಲಲ್ಲಿ ನಾನು ಬೆಂಗಳೂರಿನಲ್ಲಿ ಸಂಶೋಧನೆಗೆ ಸೇರಿದ್ದೆ. ವಿದ್ಯುತ್ ಮಂಡಲವೊಂದನ್ನು, ಅಂದರೆ ಸರ್ಕ್ಯೂಟನ್ನು, ಕಟ್ಟುವ ಮೊದಲೇ ಅದು ಹೇಗೆ ನಡೆದುಕೊಳ್ಳುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡುವ ಕೆಲಸ. ಕಂಪ್ಯೂಟರು ವೋಲ್ಟೇಜನ್ನು ಊಹಿಸುತ್ತದೆ, ತಪ್ಪಾದರೆ ತಿದ್ದಿಕೊಳ್ಳುತ್ತದೆ. ತಿದ್ದಬೇಕಾದರೆ, ವೋಲ್ಟೇಜು ಚೂರು ಅಲುಗಿದಾಗ ಕರೆಂಟು ಎಷ್ಟು ಅಲುಗುತ್ತದೆಂದು ಗೊತ್ತಿರಬೇಕು. ಟ್ರಾನ್ಸಿಸ್ಟರಿಗೆ ಆ ಅಲುಗಾಟದ ಸೂತ್ರವನ್ನು ಕೈಯಲ್ಲೇ ಬಿಡಿಸಿ ಹನ್ನೊಂದು ಹಾಳೆ ತುಂಬಿಸಿದ್ದೆ. ಎಲ್ಲೋ ಒಂದು ಕಡೆ ತಪ್ಪಿತ್ತು, ಕೈಗೆ ಸಿಗುತ್ತಿರಲಿಲ್ಲ. ಕಂಪ್ಯೂಟರ್ ಕೇಂದ್ರಕ್ಕೆ ಪ್ರೋಗ್ರಾಮು ಕೊಟ್ಟು ಮರುದಿನ ಹೋದರೆ ಉತ್ತರ ಎತ್ತೆತ್ತಲೋ ಓಡಿಹೋಗಿರುತ್ತಿತ್ತು. ತಿಂಗಳ ಕೊನೆಯೊಳಗೆ ಸರಿಹೋಗದಿದ್ದರೆ ವಿಷಯವನ್ನು ಬೇರೆಯವರಿಗೆ ಕೊಡುತ್ತೇನೆಂದು ಮಾರ್ಗದರ್ಶಕರು ಹೇಳಿಬಿಟ್ಟರು. ಮೂರು ವರ್ಷ ಮಣ್ಣುಪಾಲಾಗುವುದಿತ್ತು. ಅನ್ನ ಸೇರುತ್ತಿರಲಿಲ್ಲ; ಬದುಕೇ ಬೇಡವೆನಿಸಿತ್ತು, ನಿಜ ಹೇಳುತ್ತೇನೆ.

ಹಾಳೆ ಹಿಡಿದು ಮುಳಬಾಗಿಲಿಗೆ ಓಡಿದೆ. ಮೇಷ್ಟ್ರು ಹಾಸಿಗೆ ಹಿಡಿದಿದ್ದರು. ಹೊಟ್ಟೆಯಲ್ಲಿ ಗಡ್ಡೆ, ಕೋಲಾರದ ಡಾಕ್ಟರು ಕೈಚೆಲ್ಲಿದ್ದರು. ನನಗೆ ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಹಾಳೆಗಳನ್ನು ಅವರ ಹೊದಿಕೆಯ ಮೇಲೇ ಹರಡಿಕೊಂಡು ಅತ್ತೆ.

ಎರಡೇ ಹಾಳೆ ನೋಡಿ ಪಕ್ಕಕ್ಕಿಟ್ಟು, ಶಾಲೆಯಲ್ಲಿ ಕರೆಯುತ್ತಿದ್ದಂತೆ ತೆಲುಗಿನಲ್ಲೇ ತಾಯಿ ಎಂದು ಕರೆದರು. "ಇಷ್ಟುದ್ದ ಸೂತ್ರ ಯಾಕೆ ಬಿಡಿಸ್ದೆ ತಲ್ಲೀ? ಲೆಕ್ಕ ಹೆಂಗೂ ಆ ಮೆಷೀನೇ ಮಾಡ್ತದೆ. ಪಕ್ಕದ ಸಾಲೂ ಅದರ ಕೈಲೇ ಬರೆಸು."

ನೋಟ್‌ಬುಕ್ಕಿನಲ್ಲಿ ಗೆರೆ ಎಳೆಸಿದರು. ಎಡಕ್ಕೆ ವೋಲ್ಟೇಜು, ಬಲಕ್ಕೆ ಒಂದು ಎಂಬ ಸಂಖ್ಯೆ; ಮೊದಲ ಸಂಖ್ಯೆ ತನ್ನ ಒಂದು ಪಟ್ಟೇ ತಾನೇ ಅಲುಗುವುದು. ಎಡದ್ದನ್ನು ಹತ್ತರಿಂದ ಭಾಗಿಸಿದರೆ ಬಲದ್ದನ್ನೂ ಭಾಗಿಸು. ಗುಣಾಕಾರಕ್ಕೆ, ಘಾತಕ್ಕೆ ಒಂದೊಂದು ಪುಟ್ಟ ನಿಯಮ. ಕೊನೆಯ ಮೆಟ್ಟಿಲಿಗೆ ಬರುವಾಗ ಎಡಕ್ಕೆ ಕರೆಂಟು, ಬಲಕ್ಕೆ ನಾನು ಹನ್ನೊಂದು ಹಾಳೆಯಲ್ಲಿ ಹುಡುಕಿದ್ದು. ನೋವು ಬಂದಾಗ ಅವರು ಗೋಡೆ ಕಡೆ ತಿರುಗಿ ಹಲ್ಲು ಕಚ್ಚುತ್ತಿದ್ದರು. ನಾನು ಎದ್ದು ಹೋಗಲಿಲ್ಲ. ಕಾದಿದ್ದು ಮುಂದಿನ ಮೆಟ್ಟಿಲು ಕೇಳಿದೆ, ಸಂಜೆಯ ತನಕ. ಹೊರಟಾಗ, "ಉತ್ತರ ಬಂದ್ರೆ ಒಂದು ಕಾಗ್ದ ಹಾಕಮ್ಮಾ" ಎಂದರು.

ಪ್ರೋಗ್ರಾಮಿನ ಒಂದೊಂದು ಸಾಲಿಗೂ ಪಕ್ಕದ ಸಾಲು ಸೇರಿಸಿದೆ. ಓಡುತ್ತಿದ್ದ ಉತ್ತರ ಏಳನೇ ಸುತ್ತಿನ ತಿದ್ದುಪಡಿಗೆ ನಿಂತಿತು. ವಿಷಯ ನನ್ನದಾಗಿಯೇ ಉಳಿಯಿತು. ಆದರೆ ಕಾಗದ ಬರೆಯಲಿಲ್ಲ. ನಾನೇ ಹೋಗಿ ತೋರಿಸಬೇಕೆಂಬ ಜಂಬ, ಇನ್ನೊಂದು ಮಂಡಲವೂ ಆಗಲಿ ಎಂಬ ಆಸೆ. ಒಂಬತ್ತು ದಿನ ಹಾಗೇ ಕಳೆದೆ.

ಹೋದಾಗ ಮನೆಯಲ್ಲಿ ಅವರ ಹೆಂಡತಿ ಒಬ್ಬರೇ ಇದ್ದರು. ಮೇಷ್ಟ್ರು ತೀರಿಕೊಂಡು ಮೂರು ದಿನವಾಗಿತ್ತು. ದಿನಾ ಬೆಳಗ್ಗೆ ಪೋಸ್ಟ್‌ಮ್ಯಾನ್ ಬಂದನಾ ಎಂದು ಕೇಳುತ್ತಿದ್ದರಂತೆ.

"ಕೊನೆಗೆ ನಾನೇ ಸುಳ್ಳು ಹೇಳ್ದೆ ಕಣಮ್ಮಾ. ಕಾಗ್ದ ಬಂತು, ಆ ಹುಡುಗಿಗೆ ಉತ್ತರ ಸಿಕ್ತಂತೆ ಅಂದೆ. ನಕ್ಕರು. ನಿಜವಾಗ್ಲೂ ಸಿಕ್ತಾ?"

ಸಿಕ್ಕಿತೆಂದು ತಲೆಯಾಡಿಸಿದೆ.

"ಯಾವತ್ತು?"

ನಿನ್ನೆ ಎಂದುಬಿಟ್ಟೆ.