ಹೇನಿನ ತಾಯಂದಿರ ಜೊತೆ ಒಂದು ಬುಧವಾರ

ಬಾಯಿ ಮುಚ್ಚಿಕೊಂಡು ಹೇನು ನೋಡಲು ಸಾಧ್ಯ ಎಂದು ಅರವತ್ತು ದಾಟುವವರೆಗೂ ನನಗೆ ಗೊತ್ತಿರಲಿಲ್ಲ. ನಮ್ಮ ಉಡುಪಿಯ ಕಡೆ ಹೇನು ನೋಡುವುದೆಂದರೆ ಅರ್ಧ ಕೈಯ ಕೆಲಸ, ಅರ್ಧ ಬಾಯಿಯದು. ಮಧ್ಯಾಹ್ನದ ಊಟ ಮುಗಿಸಿ ಒಬ್ಬರ ಹಿಂದೆ ಒಬ್ಬರು ಮೆಟ್ಟಿಲ ಮೇಲೆ ಕೂತರೆ ತಲೆಯೊಳಗಿನದು ಉಗುರಿಗೂ ಊರೊಳಗಿನದು ಕಿವಿಗೂ ಒಟ್ಟಿಗೇ ಸಿಗುತ್ತಿತ್ತು. ದಪ್ಪದ್ದೊಂದು ಸಿಕ್ಕಿದರೆ ಇದೇನು ಹೇನೋ ಎಮ್ಮೆಯೋ ಎಂದು ಕೂಗಿ ಆಚೆ ಮನೆಯವರಿಗೂ ತೋರಿಸುವುದು. ಶಿವನ ಜಟೆಯಲ್ಲೂ ಹೇನು ಇದ್ದಿರಲೇಬೇಕು, ತುರಿಕೆ ತಾಳಲಾರದೆ ಗಂಗೆಯನ್ನು ಅಲ್ಲಿಟ್ಟುಕೊಂಡ ಎಂದು ನಮ್ಮ ಅತ್ತೆ ಹೇಳುತ್ತಿದ್ದರು. ಹರಿಕಥೆ ದಾಸರು ಯಾರೂ ಹಾಗೆ ಹೇಳಿದ್ದನ್ನು ನಾನು ಕೇಳಿಲ್ಲ. ಆದರೂ ಅತ್ತೆಯ ಮಾತೇ ಸರಿ ಎಂದು ಕಾಣುತ್ತದೆ.

ಈಗ ಇದೆಲ್ಲ ಏಕೆಂದರೆ, ನಾನು ಹಾಲೆಂಡಿನಲ್ಲಿ ಶಾಲೆಗೆ ಹೋಗಿ ಬಂದವಳು. ಮೂರನೇ ಕ್ಲಾಸಿನಲ್ಲಿರುವಾಗ ತಮ್ಮ ಹುಟ್ಟಿದ. ಸ್ಲೇಟು ಕೆಳಗಿಟ್ಟು ತೊಟ್ಟಿಲು ತೂಗಲು ಕೂತೆ. ಮತ್ತೆ ಶಾಲೆಯ ಕುರ್ಚಿಯಲ್ಲಿ ಕೂತದ್ದು ಹಾಲೆಂಡಿನಲ್ಲಿಯೇ, ಅದೂ ಮೊಮ್ಮಗಳ ಶಾಲೆಯಲ್ಲಿ. ಆ ಸಂತೋಷ ಹೊಟ್ಟೆಯಲ್ಲಿ ನಿಲ್ಲದೆ ಬರೆಯುತ್ತಿದ್ದೇನೆ.

ಮಗಳು ಸುಮನಾ, ಅಳಿಯ ಇಬ್ಬರೂ ಉಟ್ರೆಕ್ಟಿಗೆ ಕೆಲಸಕ್ಕೆ ಹೋಗುವವರು; ಮನೆ ಪಕ್ಕದ ಊರು ನ್ಯೂವೆಗೈನಿನಲ್ಲಿ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಕ್ರಿಸ್‌ಮಸ್ ರಜೆಗೆ ಊರಿಗೆ ಬಂದವರು ಹಿಂದೆ ಹೋಗುವಾಗ ನನ್ನನ್ನೂ ಕರೆದುಕೊಂಡು ಹೋದರು. ಮೊಮ್ಮಗಳು ಅನಘಾಗೆ ಆಗ ಆರು ವರ್ಷ. ಅವಳದು ಬಡಾವಣೆಯ ಸರ್ಕಾರಿ ಶಾಲೆ; ಬೇಲಿಯ ಆಚೆ ಕ್ರೈಸ್ತರದು ಇನ್ನೊಂದು. ಯಾವ ಮನೆಯ ಮಗು ಯಾವ ಶಾಲೆಗೆ ಎಂಬ ಯೋಚನೆಯೆಲ್ಲ ದೊಡ್ಡವರದು, ಹೇನಿಗೆ ಬೇಲಿ ಗೊತ್ತಿಲ್ಲ. ಅದಕ್ಕೇ ಪ್ರತಿ ರಜೆ ಮುಗಿದ ಮೇಲೆ ಎಲ್ಲ ಮಕ್ಕಳ ತಲೆ ನೋಡುವ ಕ್ರಮ ಉಂಟು. ಡಾಕ್ಟರು ನರ್ಸು ಯಾರೂ ಅಲ್ಲ, ಮಕ್ಕಳ ತಾಯಂದಿರೇ ಬಂದು ನೋಡುವುದು. ಹೇನಿನ ತಾಯಂದಿರು ಎಂದೇ ಅವರಿಗೆ ಹೆಸರು. ಶಾಲೆಯ ಒಳಗೆ ಮಕ್ಕಳ ಕೋಟುಗಳನ್ನು ಸಹ ಒಂದಕ್ಕೊಂದು ತಾಗದಂತೆ ಬೇರೆ ಬೇರೆ ಚೀಲದಲ್ಲಿ ತೂಗುಹಾಕಿದ್ದರು. ನಾನು ಮೊದಲ ದಿನ ನೋಡಿ, ಇಲ್ಲಿಯೂ ಮಡಿ ಉಂಟಲ್ಲ ಎಂದುಕೊಂಡೆ.

ಆ ವಾರ ಸುಮನಾಗೆ ಸಮಾಧಾನವಿಲ್ಲ. ಶನಿವಾರ ಅನಘಾಳ ಕ್ಲಾಸಿನ ಫೆಮ್ಕೆ ಎಂಬ ಹುಡುಗಿಯ ಹುಟ್ಟುಹಬ್ಬ. ಅಲ್ಲಿ ಇಡೀ ಕ್ಲಾಸನ್ನು ಕರೆಯುವ ಪದ್ಧತಿ ಇಲ್ಲ, ಬೇಕಾದ ಐದಾರು ಮಕ್ಕಳನ್ನು ಮಾತ್ರ. ಆ ಶಾಲೆಗೆ ಸೇರಿದ ಮೇಲೆ ಅನಘಾಗೆ ಬಂದ ಮೊದಲ ಕರೆ ಅದು. ಈ ಹುಡುಗಿಯೋ ರಜೆಯಿಡೀ ಊರಿನಲ್ಲಿ ದೊಡ್ಡಮ್ಮನ ಮಕ್ಕಳ ಜೊತೆ ಒಂದೇ ಚಾಪೆಯಲ್ಲಿ ಉರುಳಾಡಿ ಬಂದವಳು. ತಲೆ ನೋಡುವುದು ಬುಧವಾರ.

"ಅಮ್ಮ, ಸಿಕ್ಕಿದ್ರೆ ಎಂತ ಹೇಳ್ತಾರೆ ಗೊತ್ತುಂಟಾ? ಇಂಡಿಯಾದಿಂದ ತಂದ್ರು ಅಂತ. ಮತ್ತೆ ಯಾರು ಇವಳನ್ನ ಮನೆಗೆ ಕರೀತಾರೆ?"

ನಾನು ಸೀರಣಿಗೆ ಹಿಡಿದು ಬಾಚಿ ಬಾಚಿ ನೋಡಿದೆ. ಆ ಚಳಿಗಾಲದ ಮಂಕು ಬೆಳಕಿಗೂ ನನ್ನ ಕಣ್ಣಿಗೂ ಒಳ್ಳೆಯ ಜೋಡಿ. ಇಲ್ಲ ಎಂದೆ. ಇಲ್ಲ ಎನ್ನುವುದಕ್ಕೂ ಕಾಣಲಿಲ್ಲ ಎನ್ನುವುದಕ್ಕೂ ಎಷ್ಟು ದೂರ ಎಂಬುದು ನನಗೊಬ್ಬಳಿಗೇ ಗೊತ್ತಿತ್ತು.

ಬುಧವಾರ ಬೆಳಿಗ್ಗೆ ಅವಳನ್ನು ಶಾಲೆಗೆ ಬಿಡಲು ಹೋದವಳು ನಾನೇ. ಹೇನಿನ ತಾಯಂದಿರಲ್ಲಿ ಒಬ್ಬರಿಗೆ ಜ್ವರವಂತೆ, ಬಂದಿರಲಿಲ್ಲ. ಅವರ ಮುಖ್ಯಸ್ಥೆ ಆನೆಮಿಕ್ ಎಂಬ ಎತ್ತರದ ಹೆಂಗಸು ನನ್ನನ್ನು ನೋಡಿ ಏನೋ ಕೇಳಿದರು.

"ಅಮ್ಮಮ್ಮ, ನಿಮ್ಗೆ ಹೇನು ನೋಡ್ಲಿಕ್ಕೆ ಬರ್ತದಾ ಅಂತ ಕೇಳ್ತಿದ್ದಾರೆ" ಎಂದಳು ಅನಘಾ.

ಮೀನಿಗೆ ಈಜು ಬರುತ್ತದೆಯೇ ಎಂದು ಕೇಳಿದ ಹಾಗಾಯಿತು. ಮಕ್ಕಳು ಕೂರುವ ಪುಟ್ಟ ಕುರ್ಚಿಯಲ್ಲಿ ಸೀರೆ ಸುಧಾರಿಸಿಕೊಂಡು ಕೂತೇಬಿಟ್ಟೆ. ಆಮೇಲೆ ಅನಘಾಳ ಬಾಯಿಂದ ಅವರ ಕಟ್ಟಳೆ ಗೊತ್ತಾಯಿತು. ಸಿಕ್ಕಿದರೆ ಹೇಳುವಂತಿಲ್ಲ, ಮುಖದಲ್ಲಿಯೂ ತೋರಿಸುವಂತಿಲ್ಲ. ಆಮೇಲೆ ಟೀಚರಿಗೆ ಮಾತ್ರ ಮೆಲ್ಲಗೆ ತಿಳಿಸುವುದು, ಸಂಜೆ ಆ ಮನೆಗೆ ಫೋನು ಹೋಗುತ್ತದೆ. ಇಷ್ಟು ಕಷ್ಟದ ಕೆಲಸ ನನಗೆ ಯಾರೂ ಕೊಟ್ಟಿರಲಿಲ್ಲ.

ಜೋಳದ ತೆನೆಯ ಎಳೆಯಂಥ ಕೂದಲು ಆ ಮಕ್ಕಳದು. ಒಂದು ತಲೆಯಲ್ಲಿ ಏನೋ ಸರಿದಾಡಿತು. ಇಗೋ ಎನ್ನುವುದು ಗಂಟಲವರೆಗೆ ಬಂದದ್ದನ್ನು ನುಂಗಿ, ಗರ್ಭಗುಡಿಯ ದೇವರ ಹಾಗೆ ಮುಖ ಮಾಡಿಕೊಂಡು, ಮಗುವಿನ ಬೆನ್ನು ತಟ್ಟಿ ಕಳಿಸಿದೆ. ಯಾರ ತಲೆ ಎಂದು ನೀವು ಕೇಳಬೇಡಿ, ನಮ್ಮ ಯಜಮಾನರಿಗೂ ಹೇಳಿಲ್ಲ.

ಅನಘಾ ಹೋಗಿ ಕೂತದ್ದು ಆನೆಮಿಕ್ ಎದುರಿಗೆ. ಅವರು ಕೂದಲು ಬಿಡಿಸಿದರು, ನಿಲ್ಲಿಸಿದರು, ಅಲ್ಲಿಯೇ ಮತ್ತೊಮ್ಮೆ ಬಿಡಿಸಿದರು. ಅವರ ಮುಖ ನೋಡಿದರೆ ಅದೂ ಗರ್ಭಗುಡಿಯ ದೇವರೇ. ಅವಳ ಬೆನ್ನನ್ನೂ ತಟ್ಟಿ ಕಳಿಸಿದರು. ಸಿಕ್ಕಿದವರಿಗೂ ಸಿಗದವರಿಗೂ ಒಂದೇ ತಟ್ಟು.

ಸಂಜೆ ಫೋನು ಬಂತು. ಸುಮನಾ ನಿಂತುಕೊಂಡೇ "ಯಾ, ಯಾ" ಎಂದು ಕೇಳಿಸಿಕೊಂಡು, ಇಟ್ಟ ಮೇಲೆ ಕೂತಳು.

"ಉಂಟಂತೆ ಅಮ್ಮ. ಬೇರೆ ಮಕ್ಕಳಿಗೂ ಉಂಟಂತೆ, ಯಾರಿಗೆ ಅಂತ ಹೇಳ್ಲಿಲ್ಲ. ಮದ್ದು ಹಾಕಿ ಸಾಕು ಅಂದ್ರು. ಮತ್ತೆ, ಫೆಬ್ರವರಿ ರಜೆ ಆದ್ಮೇಲೆ ನಿಮ್ಮಮ್ಮ ಪುನಃ ಬರ್ತಾರಾ ಅಂತ ಕೇಳಿದ್ರು."

"ಶನಿವಾರದ್ದು?"

"ಅದರ ಸುದ್ದಿ ಎತ್ಲಿಲ್ಲ. ನಾನೂ ಎತ್ಲಿಲ್ಲ."

ಮರುದಿನ ಮದ್ದು ತಂದು ಹಾಕಿದೆವು. ಮೂಗು ಸೀಳುವ ವಾಸನೆ, ಎಷ್ಟು ತೊಳೆದರೂ ಹೋಗಲಿಲ್ಲ. ಬರಬೇಡಿ ಎಂಬ ಮಾತು ಶುಕ್ರವಾರ ಬರಬಹುದು ಎಂದು ಕಾದೆವು, ಬರಲಿಲ್ಲ. ಶನಿವಾರ ಉಡುಗೊರೆ ಹಿಡಿದು ಮೂವರೂ ಹೊರಟಾಗ, ಬಾಗಿಲಲ್ಲಿಯೇ ತಿರುಗಿಸಿ ಕಳಿಸಿದರೆ ಮಗುವಿಗೆ ಏನು ಹೇಳುವುದೆಂದು ಸುಮನಾ ದಾರಿಯುದ್ದಕ್ಕೂ ಯೋಚಿಸುತ್ತಿದ್ದಳು.

ಫೆಮ್ಕೆಯ ತಾಯಿ ಬಾಗಿಲು ತೆರೆದರು. ಒಳಗಿಂದ ಕೇಕಿನ ಪರಿಮಳಕ್ಕೂ ಮೊದಲು ಬಂದದ್ದು ನಮ್ಮ ಮನೆಯದೇ ಮದ್ದಿನ ವಾಸನೆ. ಓಡಿ ಬಂದ ಹುಡುಗಿಯರ ತಲೆಯಲ್ಲಿ ಅದೇ, ತಾಯಿಯ ತಲೆಯಲ್ಲಿಯೂ ಅದೇ. ಆಕೆ ಸುಮನಾಳನ್ನು ನೋಡಿದರು, ಸುಮನಾ ಆಕೆಯನ್ನು ನೋಡಿದಳು. ಹವಾಮಾನದ ಬಗ್ಗೆ ಎರಡು ಮಾತು ಆಯಿತು, ಅಷ್ಟೇ. ಅನಘಾ ನಮ್ಮ ಕಡೆ ತಿರುಗಿಯೂ ನೋಡದೆ ಒಳಗೆ ಓಡಿದಳು.

ಯಾರಿಗೂ ತಿಳಿಯದ್ದು ಮಾತ್ರ ಗುಟ್ಟು ಎಂದು ನಾನು ತಿಳಿದಿದ್ದೆ. ಎಲ್ಲರ ಮೂಗಿಗೂ ಗೊತ್ತಿದ್ದು ಒಬ್ಬರ ಬಾಯಿಗೂ ಬರದೆ ಉಳಿದರೆ ಅದೂ ಗುಟ್ಟೇ. ಹಾಗೆ ನೋಡಿದರೆ ಅದಕ್ಕೇ ಮರ್ಯಾದೆ ಹೆಚ್ಚು.