ಇನ್ನೊಂದು ಪಾಠ ಉಳಿದಿದೆ

ಶೈಲಜಾ ಟೀಚರ್ ಯಲಬುರ್ಗಾದ ಹೈಸ್ಕೂಲಿಗೆ ಇಂಗ್ಲಿಷ್ ಕಲಿಸಲು ಬಂದು ಹದಿನೆಂಟು ವರ್ಷವಾಯಿತು. ಬಂದ ವಾರದಲ್ಲೇ ವರ್ಗಾವಣೆಗೆ ಅರ್ಜಿ ಹಾಕುತ್ತೇನೆಂದು ಗಂಗಾವತಿಯ ಅಣ್ಣನಿಗೆ ಹೇಳಿದ್ದರು. ಅಣ್ಣ ತೀರಿಕೊಂಡ, ಅರ್ಜಿ ಇನ್ನೂ ಬರೆದಿಲ್ಲ. ಮದುವೆಯೂ ಹಾಗೇ ಇವತ್ತು ನಾಳೆ ಅನ್ನುವುದರಲ್ಲಿ ಉಳಿದುಹೋಯಿತು. ಈಗ ಐವತ್ತೆರಡು. ಕಳಕಮ್ಮನ ಮನೆಯ ಮಹಡಿಯಲ್ಲಿ ಎರಡು ಕೋಣೆ ಬಾಡಿಗೆ. ಊರಿನ ಅರ್ಧ ಜನ ಅವರ ಕೈಯಲ್ಲಿ ಕಲಿತವರೇ. ಬಸ್ ಸ್ಟ್ಯಾಂಡಿನಲ್ಲಿ ಕಂಡರೆ ನಮಸ್ಕಾರ ಮಾಡುತ್ತಾರೆ, ಮಾಡಿ ಬಸ್ ಹತ್ತುತ್ತಾರೆ. ನಮಸ್ಕಾರದಿಂದ ಯಾರ ಸಂಜೆ ಕಳೆದೀತು?

ಅಂಥ ಸಂಜೆಗಳಿಗೆ ಸುನಿತಾ ಬಂದಳು. ಅದೇ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವಳು. ಹತ್ತನೇ ಇಯತ್ತೆಯಲ್ಲಿ ಇಂಗ್ಲಿಷ್ ಒಂದರಲ್ಲಿ ಫೇಲಾಗಿ ಹದಿಮೂರು ವರ್ಷವಾಗಿತ್ತು. ಗಂಡ ಮಾಂತೇಶ ಮನೆ ಕಟ್ಟುವ ಗೌಂಡಿ ಕೆಲಸದವ. ಕುಷ್ಟಗಿ ಕಡೆ ಅವನ ಹಳ್ಳಿಯ ಅಂಗನವಾಡಿಯಲ್ಲಿ ಸಹಾಯಕಿಯ ಜಾಗ ಖಾಲಿಯಾಗುವುದಿತ್ತು, ಎಸ್ಸೆಸ್ಸೆಲ್ಸಿ ಪಾಸಾದವರಿಗೆ ಮಾತ್ರ.

"ಅಕ್ಕೋರ, ಇದೊಂದ್ ದಾಟಿಸಿಬಿಡ್ರಿ. ಸ್ವಂತ ಮನಿಗೆ ಹೋಗಿ ಇರ್ತೀವಿ," ಅಂದಳು.

ಐದು ಗಂಟೆಗೆ ಬರುವಳು, ಇಬ್ಬರೂ ಚಹಾ ಕುಡಿಯುವರು, ಆಮೇಲೆ ಪಾಠ. ದಸರಾ ಹೊತ್ತಿಗೆ ಎಲ್ಲ ಮುಗಿದು ಪ್ರಿಪೊಸಿಷನಲ್ ಫ್ರೇಸ್ ಒಂದೇ ಉಳಿಯಿತು. ಟೀಚರ್ ಸಕ್ಕರೆ ಡಬ್ಬಿಯನ್ನೇ ಮುಂದಿಟ್ಟರು.

"ನಮ್ಮಾಗ ಡಬ್ಬಿ ಮೊದಲ, ಒಳಗ ಅನ್ನೂದು ಆಮ್ಯಾಲೆ. ಇಂಗ್ಲಿಷಿನಾಗ 'ಇನ್' ಮೊದಲ, 'ದ ಬಾಕ್ಸ್' ಆಮ್ಯಾಲೆ. ಎರಡೂ ಕೂಡಿ ಒಂದ ತುಂಡು, ಒಡೀಬ್ಯಾಡ."

"ಮೊದಲ ಮುಚ್ಚಳಾ, ಆಮ್ಯಾಲೆ ಡಬ್ಬಿ ಅನ್ರಿ."

"ಹೂಂ. 'ದ ಮ್ಯಾನ್ ಆನ್ ದ ಬಸ್' ಅಂದ್ರ ಆ ತುಂಡು ಏನ್ ಹೇಳ್ತೈತಿ?"

"ಯಾವ ಮನಷ್ಯಾ ಅಂತ. ಬಸ್ಸಿನ್ಯಾಗಿನವ."

"'ಹಿ ಸ್ಲೆಪ್ಟ್ ಆನ್ ದ ಬಸ್' ಅಂದ್ರ?"

"ಎಲ್ಲಿ ಮಕ್ಕೊಂಡ ಅಂತ ಹೇಳ್ತೈತ್ರಿ."

ಶಾಲೆಯ ಮಕ್ಕಳಿಗೆ ತಿಂಗಳು ಹಿಡಿಯುವುದನ್ನು ಈಕೆ ನಾಲ್ಕು ದಿನಕ್ಕೆ ಹಿಡಿದಳು. ಟೀಚರಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಪಾಠ ಮುಗಿದರೆ ಸಂಜೆಯೂ ಮುಗಿಯಿತಲ್ಲ!

"ಇನ್ನೊಂದ್ ಪಾಠ ಉಳದೈತಿ," ಅಂದುಬಿಟ್ಟರು.

ಮರುದಿನವೂ ಅದೇ ಮಾತು, ಮರುವಾರವೂ ಅದೇ. ಯಾವ ಪ್ರಶ್ನೆಪತ್ರಿಕೆಯಲ್ಲೂ ಕಾಣದ ಪದಗಳನ್ನು ಹುಡುಕಿ ಹುಡುಕಿ ತಂದರು. ಪರೀಕ್ಷೆಯ ಫಾರ್ಮಿಗೆ ಕೊನೆಯ ದಿನ ಹತ್ತಿರವಾದಾಗ ಸುನಿತಾ ಕೇಳಿದಳು, "ತುಂಬ್ಲ್ಯಾ ಅಕ್ಕೋರ?"

"ಅವಸರ ಬ್ಯಾಡ. ಇನ್ನೂ ಕಚ್ಚಾ ಅದಿ. ಮುಂದಿನ ಸಲ ಬರದ್ರಾತು."

ಹದಿನೆಂಟು ವರ್ಷದಲ್ಲಿ ಒಂದು ಮಗುವಿಗೂ ಸುಳ್ಳು ಅಂಕ ಹಾಕದ ಹೆಂಗಸು ಆಡಿದ ಮಾತು ಇದು. ಒಂಟಿತನ ಎಂಥವರಿಂದಲೂ ಎಂಥದನ್ನೂ ಮಾಡಿಸುತ್ತದೆ, ಹಾಗಂತ ತಪ್ಪು ಒಪ್ಪಾಗುವುದಿಲ್ಲ. ಸುನಿತಾ ತಲೆ ಆಡಿಸಿ, ಚಹಾದ ಬಟ್ಟಲು ತೊಳೆದಿಟ್ಟು ಹೋದಳು.

ಪರೀಕ್ಷೆ ಬಂತು. ಟೀಚರಿಗೆ ಪರೀಕ್ಷಾ ಕೋಣೆಯಲ್ಲಿ ಮೇಲ್ವಿಚಾರಣೆಯ ಕೆಲಸ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ, ಖಾಲಿ ಬೆಂಚು ಕಂಡಲ್ಲೆಲ್ಲ ಸುನಿತಾಳೇ ನೆನಪಾಗುತ್ತಿದ್ದಳು. ಆ ವಾರ ಅವಳೂ ಒಂದು ದಿನ ಊರಲ್ಲಿರಲಿಲ್ಲ. ಕಾರಟಗಿಯಲ್ಲಿ ತಾಯಿ ದುರಗಮ್ಮನಿಗೆ ಆರಾಮಿಲ್ಲವೆಂದು ಹೋಗಿ ಬಂದಿದ್ದಳು. "ಅವ್ವ ಹೆಂಗದಾಳ?" ಎಂದು ಟೀಚರ್ ಕೇಳಿದರೆ, "ಛಲೋ ಅದಾಳ್ರಿ," ಎಂದು ನೋಟ್‌ಬುಕ್ಕಿನಲ್ಲಿ ಮುಖ ಹುದುಗಿಸಿದಳು.

ಮೂರು ವಾರ ಟೀಚರಿಗೆ ಅನ್ನ ರುಚಿಸಲಿಲ್ಲ. ಕೊನೆಗೊಂದು ಸಂಜೆ ಚಹಾ ಸೋಸುತ್ತ, ಅವಳ ಮುಖ ನೋಡದೆಯೇ ಹೇಳಿದರು.

"ಸುನಿತಾ, ನಾ ನಿನಗ ಅನ್ಯಾಯ ಮಾಡೇನಿ. ನೀ ದೀಪಾವಳಿಗೇ ತಯಾರಿದ್ದಿ. ಪಾಠ ಯಾವುದೂ ಉಳದಿರಲಿಲ್ಲ. ನಿನ್ನ ಒಂದ್ ವರ್ಷ ನಾ ತಿಂದೆ."

ಸುನಿತಾ ನೋಟ್‌ಬುಕ್ಕಿನ ರಟ್ಟಿನೊಳಗಿಂದ ಮಡಚಿದ ಕಾಗದವೊಂದನ್ನು ತೆಗೆದು ಕಟ್ಟೆಯ ಮೇಲಿಟ್ಟಳು. ಕುಷ್ಟಗಿ ಸೆಂಟರಿನ ಹಾಲ್ ಟಿಕೆಟ್. ಅವಳದೇ ಫೋಟೊ.

"ಬರದ್ ಬಂದೇನ್ರಿ ಅಕ್ಕೋರ. ಫಾರ್ಮ್ ನಾನ ತುಂಬಿದ್ದೆ. ಅವ್ವಗ ಏನೂ ಆಗಿರ್ಲಿಲ್ಲ."

"ಮತ್ತ ಈ ಮೂರ ವಾರ ಯಾಕ ಬಂದಿ?"

"ಬರೂದ್ ಬಿಟ್ರ ನೀವು ಯಾರ ಜೋಡಿ ಚಾ ಕುಡೀತೀರಿ?"

ಟೀಚರಿಗೆ ನಾಚಿಕೆಯಾಗುವ ಮೊದಲೇ ಅಳು ಬಂತು. ತಾನು ಹಿಡಿದಿಟ್ಟುಕೊಂಡಿದ್ದೇನೆ ಅಂದುಕೊಂಡವಳು ತಾನಾಗಿಯೇ ಬರುತ್ತಿದ್ದಳು. ಸುನಿತಾ ಒಲೆ ಆರಿಸಿ, ಚಹಾ ತಾನೇ ಬಟ್ಟಲಿಗೆ ಹಾಕಿ ಕೊಟ್ಟಳು.

ಮೇ ತಿಂಗಳಲ್ಲಿ ಫಲಿತಾಂಶ ಬಂತು, ಅರವತ್ತೊಂದು ಅಂಕ. ಅಂಗನವಾಡಿಯ ಜಾಗಕ್ಕೆ ಸುನಿತಾ ಅರ್ಜಿ ಹಾಕಿದಳು. ಮಳೆಗಾಲಕ್ಕೆ ಮುಂಚೆ ಮನೆಗೆ ಸುಣ್ಣ ಬಳಿಯಬೇಕೆಂದು ಮಾಂತೇಶ ಹಳ್ಳಿಗೆ ಗಂಟುಮೂಟೆ ಕಟ್ಟಿದ. ಹೊರಡುವ ದಿನ ಸುನಿತಾ ಮಹಡಿ ಹತ್ತಿ ಬಂದು, ಟೀಚರ ಕಾಲು ಮುಟ್ಟಿ, ಬಾಗಿಲಲ್ಲೇ ನಿಂತಳು. ಕೆಳಗೆ ಮಾಂತೇಶ ಬಸ್ಸಿಗೆ ಹೊತ್ತಾಯಿತೆಂದು ಕೂಗುತ್ತಿದ್ದ.

"ಅಕ್ಕೋರ, ಇನ್ನೊಂದ್ ಪಾಠ ಏನರ ಉಳದೈತೇನ್ರಿ?"

ಹೂಂ ಅಂದಿದ್ದರೆ ಅವಳು ವಾರಕ್ಕೊಮ್ಮೆಯಾದರೂ ಬಸ್ ಹತ್ತಿ ಬರುವವಳೇ. ಅದು ಟೀಚರಿಗೆ ಚೆನ್ನಾಗಿ ಗೊತ್ತಿತ್ತು.

"ಇಲ್ಲವ್ವಾ," ಅಂದರು. "ಎಲ್ಲಾ ಮುಗೀತು. ಹೋಗಿ ಬಾ."

ಅವಳು ಮೆಟ್ಟಿಲಿಳಿದು ಹೋದ ಮೇಲೆ ಮನೆ ಎಷ್ಟು ಸುಮ್ಮನಾಯಿತೆಂದರೆ, ಕೆಳಗೆ ಕಳಕಮ್ಮ ಮೊರದಲ್ಲಿ ಜೋಳ ಕೇರುವ ಸಪ್ಪಳ ಒಂದೊಂದೂ ಕೇಳಿಸಿತು.